ಆಟದ ಬಯಲಿಗೂ ಒಂದು ಪಾಳಿ



ನೀರಿಗೆ ಪಾಳಿ ಇರುತ್ತದೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಡಕಶಿರಾ, ರಾಯದುರ್ಗದ ಕಡೆಯವರಿಗೆ ಕೆರೆಯ ತೂಬು ಗೊತ್ತು, ತೂಬು ಕಾಯುವ ನೀರುಗಂಟಿ ಗೊತ್ತು. ಜತ್ತ, ಅಕ್ಕಲಕೋಟೆಯ ಕಡೆ ಒಂದೇ ಬಾವಿಯ ನೀರನ್ನು ಅಣ್ಣತಮ್ಮಂದಿರು ಸರದಿಯ ಮೇಲೆ ಹಾಯಿಸಿಕೊಳ್ಳುತ್ತಾರೆ. ಕಾಸರಗೋಡಿನ ಕಡೆ ತೋಡಿಗೆ ಕಟ್ಟ ಕಟ್ಟಿ ಅಡಿಕೆ ತೋಟಕ್ಕೆ ನೀರು ತಿರುಗಿಸುವ ಕ್ರಮ ಹಳೆಯದು. ಇದನ್ನು ಮರಾಠಿಯಲ್ಲಿ ಪಾಳಿ ಎನ್ನುತ್ತೇವೆ, ತೆಲುಗಿನಲ್ಲಿ ವಂತು, ತಮಿಳಿನಲ್ಲಿ ಮುರೈ, ಮಲಯಾಳದಲ್ಲಿ ಊಳಂ. ಮಾತು ಬೇರೆಯಾದರೂ ನೀತಿ ಒಂದೇ: ಇರುವುದು ಕಡಿಮೆ, ಬೇಕಾದವರು ಹೆಚ್ಚು, ಆದ್ದರಿಂದ ಹಂಚಿಕೊಳ್ಳಬೇಕು.

ಆದರೆ ಆಟದ ಬಯಲಿಗೂ ಹೀಗೆ ಪಾಳಿ ಇರಬಹುದೆಂದು ನಾವು ಯೋಚಿಸುವುದು ಕಡಿಮೆ. ಇಂದು ನಾನು ಹೇಳಹೊರಟಿರುವುದು ಅಂಥ ಒಂದು ಪಾಳಿಯ ವಿಚಾರ. ಅದು ನಮ್ಮ ಊರಿನದಲ್ಲ, ದೂರದ ಅಮೆರಿಕದ ಉಪನಗರಗಳದು. ಅಲ್ಲಿ ಮಕ್ಕಳ ಕಾಲ್ಚೆಂಡು ಸಂಘಗಳು ಅಭ್ಯಾಸದ ಹೊತ್ತನ್ನೂ ಮೈದಾನವನ್ನೂ ಹೇಗೆ ಹಂಚಿಕೊಳ್ಳುತ್ತವೆ ಎಂಬುದನ್ನು ನೋಡೋಣ. ನೋಡುತ್ತಾ ಹೋದಂತೆ ಇದು ಬರೀ ಆಟದ ಮಾತಲ್ಲ ಎಂಬುದು ನಿಮಗೇ ತಿಳಿಯುತ್ತದೆ.

ಮೊದಲು ಹಿನ್ನೆಲೆ. ನಾವು ಕಾಲ್ಚೆಂಡು ಅಥವಾ ಫುಟ್‌ಬಾಲ್ ಎನ್ನುವುದನ್ನು ಅಮೆರಿಕನ್ನರು ಸಾಕರ್ ಎನ್ನುತ್ತಾರೆ. ಅವರು ಫುಟ್‌ಬಾಲ್ ಎನ್ನುವುದು ಬೇರೆಯೇ ಆಟ. ಬಹಳ ಕಾಲ ಅಲ್ಲಿ ಸಾಕರ್‌ಗೆ ಅಷ್ಟು ಮನ್ನಣೆ ಇರಲಿಲ್ಲ. 1964ರಲ್ಲಿ ಲಾಸ್ ಏಂಜಲೀಸ್ ಬಳಿಯ ಟೊರೆನ್ಸ್ ಎಂಬ ಊರಿನಲ್ಲಿ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್ ಎಂಬ ಸಂಸ್ಥೆ ಹುಟ್ಟಿತು. ಆರಂಭದಲ್ಲಿ ಇದ್ದದ್ದು 9 ತಂಡಗಳು ಮಾತ್ರ. ಎಲ್ಲರೂ ಆಡಬೇಕು ಎಂಬುದು ಅದರ ಮೊದಲ ಸೂತ್ರ. ಆಟ ಬರಲಿ ಬಾರದಿರಲಿ, ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಅರ್ಧ ಹೊತ್ತು ಮೈದಾನದಲ್ಲಿರಬೇಕೆಂದು ಅದು ನಿಯಮ ಮಾಡಿತು. 1994ರಲ್ಲಿ ವಿಶ್ವಕಪ್ ಪಂದ್ಯಾವಳಿ ಅಮೆರಿಕದಲ್ಲಿಯೇ ನಡೆಯಿತು. ಇಂದು ದೊಡ್ಡ ನಗರಗಳ ಸುತ್ತಲಿನ ಉಪನಗರಗಳಲ್ಲಿ ಸಂಜೆಯ ಹೊತ್ತು ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಭ್ಯಾಸಕ್ಕೆ ಬಿಟ್ಟುಬರುವುದು ತಂದೆತಾಯಿಗಳ ದಿನಚರಿಯೇ ಆಗಿಬಿಟ್ಟಿದೆ. ಅಂಥ ಊರುಗಳಲ್ಲಿ ನೆಲೆಸಿರುವ ನಮ್ಮ ಕಡೆಯ ಕುಟುಂಬಗಳೂ ಇದರಲ್ಲಿ ಸೇರಿವೆ.

ಮಕ್ಕಳು ಹೆಚ್ಚಿದರು, ಸಂಘಗಳು ಹೆಚ್ಚಿದವು. ಆದರೆ ನೆಲ ಹೆಚ್ಚಲಿಲ್ಲ. ಇಲ್ಲಿಂದಲೇ ಕಥೆ ಶುರುವಾಗುತ್ತದೆ.

ಈ ಸಂಘಗಳಲ್ಲಿ ಬಹುಪಾಲಿನವಕ್ಕೆ ಸ್ವಂತ ಮೈದಾನವಿಲ್ಲ ಎಂಬುದನ್ನು ನೀವು ಗಮನಿಸಬೇಕು. ಮೈದಾನ ಪುರಸಭೆಯ ಉದ್ಯಾನ ಇಲಾಖೆಯದು, ಇಲ್ಲವೇ ಸರಕಾರಿ ಶಾಲೆಯದು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಂತೂ ಶಾಲೆಯ ಕೆಲಸಕ್ಕೆ ಅಡ್ಡಿಯಾಗದ ಹೊತ್ತಿನಲ್ಲಿ ಅದರ ಕಟ್ಟಡ, ಬಯಲುಗಳನ್ನು ಊರಿನ ಸಾರ್ವಜನಿಕ ಸಂಘಗಳಿಗೆ ಬಳಸಲು ಕೊಡಬೇಕೆಂದು ಕಾನೂನೇ ಇದೆ. ಊರಿನ ತೆರಿಗೆಯಿಂದ ಆದದ್ದು ಊರಿಗೆ ಸಲ್ಲಬೇಕು ಎಂಬುದು ಅದರ ತಾತ್ಪರ್ಯ. ಹೀಗಾಗಿ ಸಂಘದವರು ಋತುವಿಗೆ ಮುಂಚೆ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ವರ್ಷಕ್ಕೆ ಎರಡು ಋತು. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಒಂದು, ಮಾರ್ಚಿಯಿಂದ ಬೇಸಿಗೆಯ ರಜೆಯವರೆಗೆ ಇನ್ನೊಂದು.

ಅರ್ಜಿ ಹಾಕಿದವರಿಗೆಲ್ಲ ಕೊಡುವಷ್ಟು ನೆಲವಿಲ್ಲವಲ್ಲ, ಯಾರಿಗೆ ಮೊದಲು? ಇದಕ್ಕೆ ಹೆಚ್ಚಿನ ಪುರಸಭೆಗಳು ಬರೆದಿಟ್ಟ ಒಂದು ಕ್ರಮವನ್ನು ಅನುಸರಿಸುತ್ತವೆ. ವಿವರಗಳು ಊರಿಂದೂರಿಗೆ ಬೇರೆಯಾದರೂ ಸ್ಥೂಲವಾಗಿ ಅದು ಹೀಗಿರುತ್ತದೆ. ಮೊದಲ ಸಾಲಿನಲ್ಲಿ ಶಾಲೆಯ ಮತ್ತು ಪುರಸಭೆಯ ಸ್ವಂತ ಕಾರ್ಯಕ್ರಮಗಳು. ಎರಡನೆಯ ಸಾಲಿನಲ್ಲಿ ಲಾಭದ ಉದ್ದೇಶವಿಲ್ಲದ, ಊರಿನದೇ ಮಕ್ಕಳ ಸಂಘಗಳು. ಆಮೇಲೆ ಊರಿನ ದೊಡ್ಡವರ ತಂಡಗಳು. ಕಡೆಗೆ ಹೊರಊರಿನವರು ಮತ್ತು ಹಣ ಮಾಡುವ ತರಬೇತಿ ಕೇಂದ್ರಗಳು. ಬಾಡಿಗೆಯೂ ಇದೇ ಸಾಲಿನಲ್ಲಿ ಏರುತ್ತಾ ಹೋಗುತ್ತದೆ.

ಊರಿನದೇ ಸಂಘ ಎಂದು ಬಾಯಲ್ಲಿ ಹೇಳಿದರೆ ಸಾಲದು. ಸಂಘದ ಮಕ್ಕಳ ಹೆಸರು, ವಿಳಾಸಗಳ ಪಟ್ಟಿ ಕೊಡಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ಪುರಸಭೆಯ ಎಲ್ಲೆಯೊಳಗೆ ವಾಸಿಸುವವರಾಗಿರಬೇಕು ಎಂಬಂಥ ಷರತ್ತು ಹಲವೆಡೆ ಇದೆ. ರಸ್ತೆಯ ಈಚೆ ಬದಿಯ ಮನೆ ಲೆಕ್ಕಕ್ಕೆ ಬರುತ್ತದೆ, ಆಚೆ ಬದಿಯದು ಬರುವುದಿಲ್ಲ. ವಾಸಸ್ಥಳದ ದಾಖಲೆಗೆ ಕಚೇರಿ ಅಲೆಯುವ ಕಷ್ಟ ಗಡಿಯವರಾದ ನಮಗೆ ಹೊಸದೇನಲ್ಲ. ಅಮೆರಿಕದಲ್ಲಿ ಚೆಂಡು ಒದೆಯುವುದಕ್ಕೂ ಅದು ಬೇಕಾಗುತ್ತದೆ ಎಂದರೆ ನಿಮಗೆ ನಗು ಬರಬಹುದು.

ಪುರಸಭೆ ಇಷ್ಟು ಹೊತ್ತು, ಇಷ್ಟು ಮೈದಾನ ಎಂದು ಸಂಘಕ್ಕೆ ಕೊಟ್ಟಿತು ಎನ್ನಿ. ಅದನ್ನು ತನ್ನ ತಂಡಗಳ ನಡುವೆ ಹಂಚುವ ಕೆಲಸ ಸಂಘದ್ದು. ಸಾಮಾನ್ಯವಾಗಿ ಇದನ್ನು ಮಾಡುವವರು ಸಂಬಳದ ನೌಕರರಲ್ಲ, ಯಾವುದೋ ಮಗುವಿನ ತಂದೆಯೋ ತಾಯಿಯೋ. ಹಗಲೆಲ್ಲ ಉದ್ಯೋಗ ಮಾಡಿ ರಾತ್ರಿ ಊಟದ ಮೇಜಿನ ಮೇಲೆ ಪಟ್ಟಿ ಹರಡಿಕೊಂಡು ಕೂರುವ ನೀರುಗಂಟಿ ಎಂದರೂ ಸರಿಯೆ.

ಆ ಕುರ್ಚಿಯಲ್ಲಿ ನೀವೇ ಕುಳಿತಿದ್ದೀರಿ ಎಂದು ಕ್ಷಣಕಾಲ ಭಾವಿಸಿ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ನಿಮ್ಮ ಸಂಘದಲ್ಲಿ 24 ತಂಡಗಳು: ಚಿಕ್ಕ ಮಕ್ಕಳವು 8, ನಡುವಯಸ್ಸಿನವರವು 8, ದೊಡ್ಡ ಮಕ್ಕಳವು 8. ನಿಮಗೆ ದೊರೆತಿರುವುದು ಎರಡು ಪೂರ್ಣ ಮೈದಾನ, ಸೋಮವಾರದಿಂದ ಗುರುವಾರದವರೆಗೆ, ಸಂಜೆ 4ರಿಂದ 7ರವರೆಗೆ. ಒಂದು ಅಭ್ಯಾಸಕ್ಕೆ ಒಂದೂವರೆ ಗಂಟೆ ಬೇಕು. ಅಂದರೆ ಒಂದು ಮೈದಾನದಲ್ಲಿ ದಿನಕ್ಕೆ ಎರಡು ಸರದಿ. ಎರಡು ಮೈದಾನ, ನಾಲ್ಕು ದಿನ, ಎರಡೆರಡು ಸರದಿ: ಒಟ್ಟು 16. ಪ್ರತಿ ತಂಡವೂ ವಾರಕ್ಕೆ ಎರಡು ಬಾರಿ ಪೂರ್ಣ ಮೈದಾನ ಕೇಳಿದರೆ ಬೇಕಾಗುವುದು 48. ಇರುವುದು ಬೇಕಾದುದರ ಮೂರರಲ್ಲೊಂದು ಪಾಲು.

ಏನು ಮಾಡುತ್ತೀರಿ? ಮೊದಲ ಉಪಾಯ, ಮೈದಾನವನ್ನು ತುಂಡು ಮಾಡುವುದು. ಚಿಕ್ಕ ಮಕ್ಕಳಿಗೆ ದೊಡ್ಡ ಮೈದಾನ ಬೇಕಾಗಿಲ್ಲ, ಅದು ಅವರಿಗೆ ಒಳ್ಳೆಯದೂ ಅಲ್ಲ. ಅಮೆರಿಕದ ಸಾಕರ್ ಒಕ್ಕೂಟ 2017ರಿಂದ ದೇಶಕ್ಕೆಲ್ಲ ಅನ್ವಯಿಸುವಂತೆ ಒಂದು ಕ್ರಮವನ್ನು ತಂದಿತು. ಎಂಟು ವರ್ಷದೊಳಗಿನ ಗುಂಪಿನವರು ಒಂದು ಕಡೆಗೆ ನಾಲ್ವರಂತೆ ಆಡಬೇಕು, ಮೈದಾನ 25ರಿಂದ 35 ಗಜ ಉದ್ದ, 15ರಿಂದ 25 ಗಜ ಅಗಲ. ಹತ್ತು ವರ್ಷದೊಳಗಿನವರು ಏಳೇಳು ಮಂದಿ, ಹನ್ನೆರಡರೊಳಗಿನವರು ಒಂಬತ್ತೊಂಬತ್ತು ಮಂದಿ. ಹದಿಮೂರರ ಗುಂಪಿನಿಂದ ಮೇಲಷ್ಟೇ ಹನ್ನೊಂದು ಮಂದಿಯ ಪೂರ್ಣ ಆಟ. ಕಾಸರಗೋಡು, ವಯನಾಡಿನ ಕೇಳುಗರಿಗೆ ಇದರ ಮರ್ಮ ಕೂಡಲೇ ಹೊಳೆಯುತ್ತದೆ. ಮಲಬಾರಿನಲ್ಲಿ ಕೊಯ್ಲಾದ ಗದ್ದೆಯಲ್ಲಿ ಸೆವೆನ್ಸ್ ಆಡುವಾಗ ನೋಡಿದ್ದೀರಲ್ಲ, ಆಟಗಾರರು ಕಡಿಮೆ, ಬಯಲು ಚಿಕ್ಕದು, ಆದ್ದರಿಂದ ಚೆಂಡು ಪ್ರತಿಯೊಬ್ಬನ ಕಾಲಿಗೂ ಹೆಚ್ಚು ಸಲ ಸಿಗುತ್ತದೆ. ದೊಡ್ಡ ಬಯಲಿನಲ್ಲಿ ಇಪ್ಪತ್ತೆರಡು ಪುಟ್ಟ ಮಕ್ಕಳನ್ನು ಬಿಟ್ಟರೆ ಬಲಶಾಲಿಗಳಾದ ಇಬ್ಬರು ಮೂವರು ಓಡಾಡುತ್ತಾರೆ, ಉಳಿದವರು ನಿಂತು ನೋಡುತ್ತಾರೆ.

ಪೂರ್ಣ ಮೈದಾನ 110 ಗಜ ಉದ್ದ, 70 ಗಜ ಅಗಲ ಇದ್ದರೆ, ಅದರ ಮೇಲೆ ಅಡ್ಡಲಾಗಿ ಏಳೇಳು ಮಂದಿಯ ಎರಡು ಮೈದಾನ ಹಾಕಬಹುದು. ನಾಲ್ನಾಲ್ಕು ಮಂದಿಯದಾದರೆ ಆರು ಸಲೀಸಾಗಿ ಹಿಡಿಸುತ್ತವೆ. ಅಭ್ಯಾಸಕ್ಕಂತೂ ಕಾಲು ಮೈದಾನ ಧಾರಾಳವಾಯಿತು.

ಈಗ ಮತ್ತೆ ಲೆಕ್ಕಕ್ಕೆ ಬನ್ನಿ. ಚಿಕ್ಕ ಮಕ್ಕಳ 8 ತಂಡಗಳಿಗೆ ವಾರಕ್ಕೆ ಒಂದೇ ಅಭ್ಯಾಸ, ಅದೂ ಕಾಲು ಮೈದಾನದಲ್ಲಿ. ಅಲ್ಲಿಗೆ ಖರ್ಚು 2 ಸರದಿ. ನಡುವಯಸ್ಸಿನ 8 ತಂಡಗಳಿಗೆ ವಾರಕ್ಕೆ ಎರಡು ಬಾರಿ ಅರ್ಧ ಮೈದಾನ, ಖರ್ಚು 8. ದೊಡ್ಡ ಮಕ್ಕಳ 8 ತಂಡಗಳಿಗೂ ಎರಡು ಬಾರಿ ಅರ್ಧ ಮೈದಾನ, ಖರ್ಚು 8. ಕೂಡಿದರೆ 18. ನಿಮ್ಮ ಕೈಯಲ್ಲಿರುವುದು 16. ಎರಡು ಸರದಿ ಕೊರತೆ.

ಶ್ರೋತೃಗಳೇ, ಹಂಚುವವನ ನಿಜವಾದ ಪರೀಕ್ಷೆ ಈ ಕೊರತೆಯಲ್ಲಿದೆ. ಸುಲಭದ ದಾರಿ ಒಂದಿದೆ. ಯಾವ ತಂಡದ ಪೋಷಕರು ಬಾಯಿ ಮಾಡುವುದಿಲ್ಲವೋ ಆ ಎರಡು ತಂಡಗಳ ಪಾಲನ್ನು ಪೂರ್ತಿ ಕಿತ್ತುಕೊಳ್ಳುವುದು. ಬಾಯಿದ್ದವನು ಬರದಲ್ಲೂ ಬದುಕಿದ ಎಂಬ ಗಾದೆ ಅಮೆರಿಕಕ್ಕೂ ಸಲ್ಲುತ್ತದೆ. ಇನ್ನೊಂದು ದಾರಿಯೂ ಇದೆ. ನಡುವಯಸ್ಸಿನ ಎಂಟೂ ತಂಡಗಳಿಗೆ ಒಂದು ದಿನ ಅರ್ಧ ಮೈದಾನ, ಮತ್ತೊಂದು ದಿನ ಕಾಲು ಮೈದಾನ. ಆಗ ಅವರ ಖರ್ಚು 8ರಿಂದ 6ಕ್ಕೆ ಇಳಿಯುತ್ತದೆ, ಒಟ್ಟು ಸರಿಯಾಗಿ 16 ಆಗುತ್ತದೆ. ಒಬ್ಬರ ಬಟ್ಟಲು ಪೂರ್ತಿ ಬರಿದಾಗುವ ಬದಲು ಎಂಟು ಬಟ್ಟಲುಗಳಲ್ಲಿ ಒಂದೊಂದು ಗುಟುಕು ಕಡಿಮೆಯಾಯಿತು. ಮುಂದಿನ ಋತುವಿನಲ್ಲಿ ಈ ಭಾರವನ್ನು ದೊಡ್ಡ ಮಕ್ಕಳ ತಂಡಗಳು ಹೊರಲಿ ಎಂದರೆ ಸರದಿಗೂ ಒಂದು ಸರದಿಯಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಸಂಜೆ 4ರ ಸರದಿಯೂ 5.30ರ ಸರದಿಯೂ ಒಂದೇ ಬೆಲೆಯವಲ್ಲ. ಚಿಕ್ಕ ಮಕ್ಕಳು ಬೇಗ ಉಂಡು ಮಲಗಬೇಕು, ಅವರಿಗೆ ಮೊದಲ ಸರದಿ. ದೊಡ್ಡವರಿಗೆ ಶಾಲೆ ಬಿಡುವುದು, ಪಾಠದ ಕೆಲಸ ಎಲ್ಲ ನೋಡಿ ಕೊನೆಯ ಸರದಿ. ತರಬೇತಿ ಕೊಡುವ ತಂದೆ ಕಚೇರಿಯಿಂದ 5 ಗಂಟೆಗೆ ಹೊರಡುವವನಾದರೆ ಅವನ ತಂಡವನ್ನು 4 ಗಂಟೆಗೆ ಹಾಕಿ ಪ್ರಯೋಜನವಿಲ್ಲ. ಒಂದೇ ಮನೆಯ ಇಬ್ಬರು ಮಕ್ಕಳು ಬೇರೆ ಬೇರೆ ಮೈದಾನಕ್ಕೆ ಬಿದ್ದರೆ ತಾಯಿ ಎರಡು ಕಡೆ ಓಡಬೇಕು. ಇವೆಲ್ಲ ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಪಟ್ಟಿ ಉಳಿಯುವುದೂ ಉರುಳುವುದೂ ಇವುಗಳಿಂದಲೇ.

ಇನ್ನು ಸೂರ್ಯನ ಮಾತು. ಅಮೆರಿಕದ ಬಹುಭಾಗದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ಲಾಸ್ ಏಂಜಲೀಸ್‌ನಂಥ ಊರಿನಲ್ಲಿಯೂ ಸಂಜೆ 5ಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ನಿಮ್ಮ ಎರಡು ಮೈದಾನಗಳಲ್ಲಿ ಒಂದಕ್ಕೆ ಮಾತ್ರ ದೀಪದ ಕಂಬಗಳಿದ್ದರೆ, ದೀಪವಿಲ್ಲದ್ದರ ಎರಡನೆಯ ಸರದಿ ಒಂದೇ ದಿನದಲ್ಲಿ ಮಾಯ. 16 ಇದ್ದದ್ದು 12 ಆಯಿತು. ಉಳಿದುದರಲ್ಲೂ ನಾಲ್ಕು ಅರೆಹೊತ್ತಿನವು. ಆದ್ದರಿಂದಲೇ ಅನುಭವಿಗಳು ಆಗಸ್ಟಿನಲ್ಲಿಯೇ ಎರಡು ಪಟ್ಟಿ ಮಾಡಿಡುತ್ತಾರೆ, ಬೆಳಕಿರುವಾಗಿನದೊಂದು, ಕತ್ತಲಾದ ಮೇಲಿನದೊಂದು. ದೀಪದ ಮೈದಾನ ಯಾರಿಗೆ ಎಂಬ ಜಗಳ ಹುಟ್ಟುವ ಮೊದಲೇ ಉತ್ತರ ಕಾಗದದ ಮೇಲಿರುತ್ತದೆ.

ನೆಲಕ್ಕೂ ದಣಿವಿದೆ. ಹುಲ್ಲಿನ ಮೈದಾನದ ಮೇಲೆ ದಿನವೂ ನೂರಾರು ಕಾಲುಗಳು ಓಡಿದರೆ ಗೋಲಿನ ಬಾಯಿಯ ಬಳಿ ಮೊದಲು ಮಣ್ಣು ಕಾಣುತ್ತದೆ. ಮಳೆ ಬಿದ್ದ ಮೇಲೆ ಆಡಿದರಂತೂ ಕೆಸರು ತುಳಿದ ಗದ್ದೆಯೇ ಸರಿ. ಅದಕ್ಕಾಗಿ ಮಳೆ ಬಂದ ದಿನ ಮೈದಾನ ಮುಚ್ಚುವ ಅಧಿಕಾರವನ್ನು ಉದ್ಯಾನ ಇಲಾಖೆ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ವರ್ಷದಲ್ಲಿ ಕೆಲವು ವಾರ ಹುಲ್ಲು ಚಿಗುರಲೆಂದು ಯಾರಿಗೂ ಕೊಡದೆ ಬಿಡುವುದೂ ಉಂಟು. ಭೂಮಿಯನ್ನು ಬೀಳು ಬಿಡುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮತ್ತೊಂದು ನಿಯಮ ನನಗೆ ಬಹಳ ಮುಖ್ಯವೆನಿಸುತ್ತದೆ. ಪಡೆದ ಹೊತ್ತನ್ನು ಬಳಸದೆ ಖಾಲಿ ಬಿಟ್ಟ ಸಂಘದಿಂದ ಅದನ್ನು ಹಿಂದಕ್ಕೆ ಪಡೆಯಲು ಅನೇಕ ಪುರಸಭೆಗಳಿಗೆ ಅಧಿಕಾರವಿದೆ. ತನ್ನ ಪಾಲನ್ನು ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಡುವುದು ನಿಷಿದ್ಧ. ಹಿಂದಿನ ವರ್ಷ ಇತ್ತು ಎಂಬ ಕಾರಣಕ್ಕೆ ಈ ವರ್ಷವೂ ನಮ್ಮದೇ ಎನ್ನುವಂತಿಲ್ಲ ಎಂದು ಕೆಲವೆಡೆ ಸ್ಪಷ್ಟವಾಗಿ ಬರೆದಿರುತ್ತಾರೆ. ಏಕೆಂದರೆ ಸಾರ್ವಜನಿಕ ವಸ್ತುವಿನ ಮೇಲೆ ರೂಢಿಯ ಹೆಸರಿನಲ್ಲಿ ಒಡೆತನ ಬೆಳೆಯುವುದು ಬಹಳ ಬೇಗ.

ಹಾಗೆ ಬೆಳೆದ ಒಡೆತನದ ಒಂದು ನಿಜವಾದ ಪ್ರಸಂಗ ಹೇಳುತ್ತೇನೆ. ಲಾಸ್ ಏಂಜಲೀಸ್ ನಗರದ ಉತ್ತರಕ್ಕೆ ಸ್ಯಾನ್ ಫರ್ನಾಂಡೊ ಕಣಿವೆ ಎಂಬ ಉಪನಗರ ಪ್ರದೇಶವಿದೆ. ಆಟ ಅಲ್ಲಿ ಸಾಕರ್ ಅಲ್ಲ, ಸಾಫ್ಟ್‌ಬಾಲ್. ಆದರೆ ಪ್ರಶ್ನೆ ಅದೇ. ಹುಡುಗರ ಬೇಸ್‌ಬಾಲ್ ಸಂಘಗಳು ನಗರದ ಉದ್ಯಾನಗಳಲ್ಲಿ ಒಳ್ಳೆಯ ಮೈದಾನಗಳನ್ನು ವರ್ಷಗಳಿಂದ ಪಡೆದುಕೊಂಡು ಬಂದಿದ್ದವು. ವೆಸ್ಟ್ ವ್ಯಾಲಿ ಹುಡುಗಿಯರ ಸಾಫ್ಟ್‌ಬಾಲ್ ಸಂಘಕ್ಕೆ ನೆಲೆಯಾದ ಮೈದಾನವಿರಲಿಲ್ಲ. ಕಳಪೆ ಬಯಲುಗಳಲ್ಲಿ ಇಂದು ಇಲ್ಲಿ, ನಾಳೆ ಅಲ್ಲಿ ಎಂದು ಅಲೆಯಬೇಕಿತ್ತು. ಹುಡುಗಿಯರನ್ನು ದೂರವಿಡಬೇಕೆಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ. ಮೊದಲು ಬಂದವರು ಹುಡುಗರು, ಮೊದಲು ಬಂದವರಿಗೆ ಮಣೆ ಎಂಬುದಷ್ಟೇ ರೂಢಿ. 1998ರಲ್ಲಿ ಅವರು ನಗರಸಭೆಯ ಮೇಲೆ ದಾವೆ ಹೂಡಿದರು. 1999ರಲ್ಲಿ ರಾಜಿಯಾಯಿತು, ಹುಡುಗಿಯರಿಗೂ ಸಮಾನ ಅವಕಾಶ ಕೊಡಲು ನಗರ ಒಪ್ಪಿತು.

ಅದೇ 1999ರ ಜುಲೈ 10ರಂದು ಲಾಸ್ ಏಂಜಲೀಸ್ ಬಳಿಯ ಪಾಸಡೀನಾದಲ್ಲಿ ಮಹಿಳೆಯರ ವಿಶ್ವಕಪ್ ಸಾಕರ್‌ನ ಅಂತಿಮ ಪಂದ್ಯ ನೋಡಲು 90,185 ಮಂದಿ ಸೇರಿದ್ದರು. ಅಮೆರಿಕದ ಹೆಣ್ಣುಮಕ್ಕಳು ಗೆದ್ದರು. ಆ ವಿಜಯದ ಹಿಂದೆ 1972ರಲ್ಲಿ ಬಂದ, ಶಿಕ್ಷಣದಲ್ಲಿ ಗಂಡುಹೆಣ್ಣೆಂಬ ತಾರತಮ್ಯ ಕೂಡದೆಂಬ ಕಾನೂನಿನ ಬಲವಿತ್ತು. ಆದರೆ ಅದು ಕೇಂದ್ರ ಸರಕಾರದ ಹಣ ಪಡೆಯುವ ಶಿಕ್ಷಣ ಕಾರ್ಯಕ್ರಮಗಳ ಕಾನೂನು, ಪುರಸಭೆಯ ಉದ್ಯಾನಕ್ಕೆ ಅದರ ಕೈ ಸುಲಭವಾಗಿ ನಿಲುಕುತ್ತಿರಲಿಲ್ಲ. ಆ ಬಿರುಕನ್ನು ಮುಚ್ಚಲು 2004ರಲ್ಲಿ ಕ್ಯಾಲಿಫೋರ್ನಿಯಾ ಬೇರೊಂದು ಕಾನೂನು ಮಾಡಿತು. ಮಕ್ಕಳ ಆಟಕ್ಕೆ ಉದ್ಯಾನದ ಮೈದಾನ ಹಂಚುವಾಗ ಸ್ಥಳೀಯ ಸಂಸ್ಥೆಗಳು ಹುಡುಗ ಹುಡುಗಿ ಎಂದು ಭೇದ ಮಾಡಬಾರದು ಎಂದು ಅದು ಹೇಳುತ್ತದೆ.

ಹಾಗಾದರೆ ಎಲ್ಲವನ್ನೂ ಬರೆದಿಟ್ಟರೆ ನ್ಯಾಯ ಸಿಕ್ಕಿಬಿಡುತ್ತದೆಯೇ? ಇಲ್ಲ. ಅದಕ್ಕೂ ಒಂದು ಉದಾಹರಣೆಯಿದೆ. ಇದು ಉಪನಗರದ್ದಲ್ಲ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಮಿಷನ್ ಬಡಾವಣೆಯದು. ಅಲ್ಲಿನ ಪುಟ್ಟ ಸಾಕರ್ ಅಂಗಳದಲ್ಲಿ ಬಡಾವಣೆಯ ಹುಡುಗರು ಯಾವ ಅರ್ಜಿಯೂ ಇಲ್ಲದೆ ಆಡುತ್ತಿದ್ದರು. ಏಳೇಳು ಮಂದಿ, ಗೆದ್ದವರು ಉಳಿಯಬೇಕು, ಸೋತವರು ಕಾದಿರುವ ತಂಡಕ್ಕೆ ಜಾಗ ಬಿಡಬೇಕು. ಇದು ಯಾರೂ ಬರೆಯದ, ಎಲ್ಲರೂ ಪಾಲಿಸುತ್ತಿದ್ದ ಪಾಳಿ. 2014ರಲ್ಲಿ ಒಂದು ಸಂಜೆ ದೊಡ್ಡ ಕಂಪನಿಗಳ ಉದ್ಯೋಗಿಗಳು ಗಂಟೆಗೆ 27 ಡಾಲರ್ ಕಟ್ಟಿ ಪಡೆದ ಪರವಾನಗಿ ಹಿಡಿದು ಬಂದು ಮೈದಾನ ಬಿಟ್ಟುಕೊಡಲು ಕೇಳಿದರು. ಮಾತಿಗೆ ಮಾತು ಬೆಳೆಯಿತು, ಅದರ ಚಿತ್ರಣ ದೇಶವೆಲ್ಲ ಹರಡಿತು. ಕಾಗದ ಉದ್ಯೋಗಿಗಳ ಕೈಯಲ್ಲಿತ್ತು, ಕಾನೂನಿನ ಪ್ರಕಾರ ಅವರದೇ ಸರಿ. ಆದರೆ ಹುಡುಗರು ನಗರಸಭೆಯ ಮೆಟ್ಟಿಲೇರಿ ಕೇಳಿದರು: ಹಣ ಕಟ್ಟಲಾರದ ನಾವು ಎಲ್ಲಿ ಆಡಬೇಕು? ನಗರ ತಲೆಬಾಗಿತು, ಆ ಅಂಗಳದಲ್ಲಿ ದೊಡ್ಡವರಿಗೆ ಹಣ ಪಡೆದು ಮೈದಾನ ಕಾದಿರಿಸುವ ಪದ್ಧತಿಯನ್ನು ಕೈಬಿಟ್ಟಿತು.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿ. ಮೊದಲನೆಯದರಲ್ಲಿ ಬರಹವಿಲ್ಲದ ರೂಢಿ ಹುಡುಗಿಯರಿಗೆ ಅನ್ಯಾಯ ಮಾಡಿತು. ಎರಡನೆಯದರಲ್ಲಿ ಬರೆದ ನಿಯಮವೇ ಬಡ ಹುಡುಗರಿಗೆ ಅಡ್ಡವಾಯಿತು. ಆದ್ದರಿಂದ ಪಟ್ಟಿ ಬೇಕು, ಅದು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿರಬೇಕು. ಅದರ ಜೊತೆಗೆ ಪ್ರತಿ ಋತುವಿನಲ್ಲೂ ಒಂದು ಪ್ರಶ್ನೆ ಕೇಳಬೇಕು: ಈ ಪಟ್ಟಿಯಲ್ಲಿ ಯಾರ ಹೆಸರಿಲ್ಲ?

ಈಗ ನಿಮ್ಮ ಊರಿನ ಬಯಲನ್ನು ನೆನೆದುಕೊಳ್ಳಿ. ಶಾಲೆಯ ಮುಂದಿನದೋ ದೇವಸ್ಥಾನದ ಹಿಂದಿನದೋ ಒಂದು ಬಯಲು ಇದ್ದೇ ಇದೆ. ಅಲ್ಲಿ ಕ್ರಿಕೆಟ್ ಆಡುವ ಯುವಕರು ಇಡೀ ಭಾನುವಾರ ಬಯಲನ್ನು ಹಿಡಿದಿರುತ್ತಾರೆ. ಚಿಕ್ಕವರು ಗೆರೆಯಾಚೆ ಕುಳಿತು ಹೊರಬಿದ್ದ ಚೆಂಡನ್ನು ಎತ್ತಿಕೊಡುತ್ತಾರೆ. ಖೋ ಖೋ ಆಡುವ ಹುಡುಗಿಯರು ಶಾಲೆ ಬಿಟ್ಟ ಮೇಲೆ ಅಲ್ಲಿ ಕಾಣುವುದೇ ಇಲ್ಲ. ಅವರಿಗೆ ಆಡುವ ಆಸೆಯಿಲ್ಲವೆಂದಲ್ಲ, ಅವರದೆಂದು ಹೇಳುವ ಹೊತ್ತು ಇಲ್ಲ. ಇದಕ್ಕೆ ಡಾಲರೂ ಬೇಡ, ದೀಪದ ಕಂಬವೂ ಬೇಡ. ಮುಖ್ಯೋಪಾಧ್ಯಾಯರು, ಪಂಚಾಯತಿಯ ಸದಸ್ಯರು, ಯುವಕ ಸಂಘದವರು ಒಂದು ಸಂಜೆ ಕುಳಿತು ಒಂದು ಹಾಳೆಯ ಮೇಲೆ ವಾರದ ಏಳು ದಿನಗಳನ್ನು ಬರೆದರೆ ಸಾಕು. ಒಂದು ಮೂಲೆ ಪುಟ್ಟವರಿಗೆ, ಎರಡು ಸಂಜೆ ಹೆಣ್ಣುಮಕ್ಕಳಿಗೆ, ಉಳಿದದ್ದು ಉಳಿದವರಿಗೆ. ಆ ಹಾಳೆಯನ್ನು ಊರಿನ ಎರಡೂ ಭಾಷೆಯಲ್ಲಿ ಬರೆದು ಶಾಲೆಯ ಬಾಗಿಲಿಗೆ ಅಂಟಿಸಿ.

ನೀರಿನ ಪಾಳಿ ತಪ್ಪಿದರೆ ಪೈರು ಒಣಗುತ್ತದೆ, ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಬಯಲಿನ ಪಾಳಿ ತಪ್ಪಿದರೆ ಒಂದು ಮಗು ಸುಮ್ಮನೆ ಮನೆಗೆ ಹೋಗುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಡೆಯ ಗದ್ದೆಗೂ ನೀರು ಮುಟ್ಟಿತೇ ಎಂದು ನೋಡಿ ಬಂದ ಮೇಲೆಯೇ ನಮ್ಮ ಹಿರಿಯರು ನೀರುಗಂಟಿಯನ್ನು ಒಳ್ಳೆಯವನೆಂದು ಹೊಗಳುತ್ತಿದ್ದರು. ಬಯಲು ಹಂಚುವವರಿಗೂ ಅದೇ ಅಳತೆ ಇರಲಿ.